ಪ್ಲಗಿನ್ ಹಾಕುವ ಮುನ್ನ: ಬೀಗದ ಕೈ ಯಾರ ಕೈಯಲ್ಲಿದೆ?

ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್. ಅದಕ್ಕೆ ಬೇಕಾದ ಸೌಕರ್ಯ ಸೇರಿಸಲು ಹಾಕಿಕೊಳ್ಳುವ ತುಣುಕು ಪ್ಲಗಿನ್. 2020ರ ಸೆಪ್ಟೆಂಬರ್ ಹೊತ್ತಿಗೆ 'ಫೈಲ್ ಮ್ಯಾನೇಜರ್' ಎಂಬ ವರ್ಡ್‌ಪ್ರೆಸ್ ಪ್ಲಗಿನ್ 7 ಲಕ್ಷಕ್ಕೂ ಹೆಚ್ಚು ಜಾಲತಾಣಗಳಲ್ಲಿ ಓಡುತ್ತಿತ್ತು. ಸರ್ವರ್‌ನಲ್ಲಿರುವ ಕಡತಗಳನ್ನು ಡ್ಯಾಶ್‌ಬೋರ್ಡಿನಿಂದಲೇ ತೆರೆದು, ತಿದ್ದಿ, ಅಳಿಸುವ ಸೌಕರ್ಯ ಅದರದ್ದು. ಈ ಕೆಲಸಕ್ಕೆ ಅದು ನೆಚ್ಚಿಕೊಂಡಿದ್ದು 'ಎಲ್‌ಫೈಂಡರ್' ಎಂಬ ಬೇರೆಯವರ ಮುಕ್ತ ತಂತ್ರಾಂಶವನ್ನು. ಎಲ್‌ಫೈಂಡರ್‌ನವರು ತಮ್ಮ ಕಟ್ಟಿನಲ್ಲಿ ಒಂದು ಮಾದರಿ ಕಡತ ಇಟ್ಟಿದ್ದರು. ಅಪ್ಪಿತಪ್ಪಿಯೂ ಅದು ಓಡಬಾರದೆಂದು ಹೆಸರಿನ ಕೊನೆಗೆ 'ಡಿಸ್ಟ್' ಎಂಬ ಬಾಲ ಅಂಟಿಸಿದ್ದರು. ಪ್ಲಗಿನ್ ಮಾಡಿದವರು ಆ ಬಾಲ ಕತ್ತರಿಸಿ 'ಪಿಎಚ್‌ಪಿ' ಎಂದಷ್ಟೇ ಉಳಿಸಿದರು; ಸರ್ವರ್ ಓಡಿಸುವ ಕೋಡಿನ ಗುರುತು ಅದು. ಮಾದರಿ ಕಡತಕ್ಕೆ ಜೀವ ಬಂತು. ಅದರ ವಿಳಾಸ ಗೊತ್ತಿದ್ದ ಯಾರು ಬೇಕಾದರೂ, ಲಾಗಿನ್ ಕೂಡ ಆಗದೆ, ಸರ್ವರ್ ಮೇಲೆ ತಮ್ಮ ಕೋಡ್ ಏರಿಸಿ ಓಡಿಸಬಹುದಾಯಿತು. ಸರಿಪಡಿಸಿದ 6.9ನೇ ಆವೃತ್ತಿ ಹೊರಬರುವ ಮೊದಲೇ ದಾಳಿ ಶುರುವಾಗಿತ್ತು.

ಆ 7 ಲಕ್ಷ ಮಂದಿ ಏನು ನೋಡಿ ಅದನ್ನು ಹಾಕಿಕೊಂಡಿದ್ದರು? ನಾವೆಲ್ಲ ನೋಡುವುದನ್ನೇ ಇರಬೇಕು. ಎಷ್ಟು ನಕ್ಷತ್ರ, ಎಷ್ಟು ಜನ ಬಳಸುತ್ತಿದ್ದಾರೆ, ಕೊನೆಯ ಅಪ್‌ಡೇಟ್ ಯಾವಾಗ. ಇವು ಸುಳ್ಳು ಅಂಕಿಗಳಲ್ಲ, ಆದರೆ ಅವು ಉತ್ತರಿಸುವ ಪ್ರಶ್ನೆಯೇ ಬೇರೆ. ನಕ್ಷತ್ರ ಕೊಡುವವರು ಪ್ಲಗಿನ್ ತಮ್ಮ ಕೆಲಸ ಮಾಡಿಕೊಟ್ಟಿತೇ ಎಂದು ನೋಡಿ ಕೊಡುತ್ತಾರೆ. ಲಾಗಿನ್ ಆಗದ ಅಪರಿಚಿತನಿಗೂ ಅದು ಅಷ್ಟೇ ನಿಷ್ಠೆಯಿಂದ ಕೆಲಸ ಮಾಡಿಕೊಡುತ್ತದೆಯೇ ಎಂದು ಪರೀಕ್ಷಿಸಿ ನಕ್ಷತ್ರ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಇಲ್ಲಿ ಒಂದು ಮೂಲ ಸಂಗತಿ ಹೇಳಿ ಮುಂದೆ ಹೋಗಬೇಕು. ಮೊಬೈಲಿನಲ್ಲಿ ಒಂದು ಆಪ್ ಹಾಕಿದರೆ ಅದು ಕ್ಯಾಮೆರಾ ಬೇಕು, ಮೈಕ್ ಬೇಕು, ಸಂಪರ್ಕಗಳ ಪಟ್ಟಿ ಬೇಕು ಎಂದು ಒಂದೊಂದಕ್ಕೂ ಅನುಮತಿ ಕೇಳುತ್ತದೆ. ವರ್ಡ್‌ಪ್ರೆಸ್ ಪ್ಲಗಿನ್ ಏನನ್ನೂ ಕೇಳುವುದಿಲ್ಲ. 'ಆಕ್ಟಿವೇಟ್' ಒತ್ತಿದ ಗಳಿಗೆಯಿಂದ ಅದು ಇಡೀ ತಾಣದ ಪಾಲುದಾರ. ಪುಟದ ಕೆಳಗೆ ಒಂದು ಶೇರ್ ಗುಂಡಿ ತೋರಿಸಲಷ್ಟೇ ಬಂದದ್ದೂ ಡೇಟಾಬೇಸ್ ಓದಬಲ್ಲದು, ಬಳಕೆದಾರರನ್ನು ಸೃಷ್ಟಿಸಬಲ್ಲದು, ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಾನ್ಫಿಗ್ ಕಡತವನ್ನು ತೆರೆಯಬಲ್ಲದು. ಪ್ಲಗಿನ್ ಚಿಕ್ಕದು, ಅದರ ಅಧಿಕಾರ ಚಿಕ್ಕದಲ್ಲ. 2004ರಲ್ಲಿ ಬಂದ ವರ್ಡ್‌ಪ್ರೆಸ್ 1.2ರಲ್ಲಿ ಪ್ಲಗಿನ್ ವ್ಯವಸ್ಥೆ ಶುರುವಾದಾಗ ಇದ್ದ ಈ ಧಾರಾಳತನ ಇವತ್ತಿಗೂ ಹಾಗೆಯೇ ಇದೆ. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಈ ವೇದಿಕೆಯ ಮೇಲೆ ನಿಂತಿವೆ ಎನ್ನುವುದು ನೆನಪಿದ್ದರೆ ಇದರ ತೂಕ ಅರ್ಥವಾಗುತ್ತದೆ. ಭದ್ರತಾ ಸಂಸ್ಥೆ ಪ್ಯಾಚ್‌ಸ್ಟ್ಯಾಕ್ 2024ರಲ್ಲಿ ವರ್ಡ್‌ಪ್ರೆಸ್ ಜಗತ್ತಿನಲ್ಲಿ ಪಟ್ಟಿ ಮಾಡಿದ ಹೊಸ ದೋಷಗಳು ಸುಮಾರು 8,000. ಅದರಲ್ಲಿ ಶೇ 96ರಷ್ಟು ಪ್ಲಗಿನ್‌ಗಳಲ್ಲಿದ್ದವು. ವರ್ಡ್‌ಪ್ರೆಸ್ಸಿನ ಮೂಲ ಕೋಡಿನಲ್ಲಿ ಸಿಕ್ಕಿದ್ದನ್ನು ಬೆರಳಲ್ಲಿ ಎಣಿಸಬಹುದು.

ಹಾಗಾಗಿ 'ವರ್ಡ್‌ಪ್ರೆಸ್ ಸುರಕ್ಷಿತವೇ' ಎಂಬ ಹಳೆಯ ವಾದಕ್ಕೆ ಈಗ ಹೆಚ್ಚು ಅರ್ಥವಿಲ್ಲ. ಕೇಳಬೇಕಾದ್ದು, ಅದರ ಮೇಲೆ ನೀವು ಯಾರನ್ನು ತಂದು ಕೂರಿಸುತ್ತಿದ್ದೀರಿ ಎಂದು.

ಇವತ್ತಿನ ಕೋಡ್, ನಾಳೆಯ ಮಾಲೀಕ

ಯಾರನ್ನು ಎಂದು ಕೇಳಿದ್ದು ಬೇಕೆಂದೇ. ಪ್ಲಗಿನ್ ಪರೀಕ್ಷೆ ಎಂದಕೂಡಲೇ ನಮ್ಮ ಮನಸ್ಸು ಕೋಡಿನ ಕಡೆ ಓಡುತ್ತದೆ. ಆದರೆ ಪ್ಲಗಿನ್ ಒಮ್ಮೆ ಇಳಿಸಿಕೊಂಡು ಮುಗಿಯುವ ವಸ್ತುವಲ್ಲ. ಅಪ್‌ಡೇಟ್ ಎಂಬ ಕೊಳವೆಯಲ್ಲಿ ಅದು ತಿಂಗಳು ತಿಂಗಳು ಹೊಸದಾಗಿ ಹರಿದು ಬರುತ್ತಲೇ ಇರುತ್ತದೆ. ನೀವು ಇವತ್ತು ಸಾಲು ಸಾಲು ಓದಿ ಒಪ್ಪಿದ ಕೋಡ್ ಆರು ತಿಂಗಳ ನಂತರ ಅಲ್ಲಿರುವುದಿಲ್ಲ. ವರ್ಡ್‌ಪ್ರೆಸ್ಸಿನ ಅಧಿಕೃತ ಭಂಡಾರ ಹೊಸ ಪ್ಲಗಿನ್ನನ್ನು ಮೊದಲ ಸಲ ಸೇರಿಸಿಕೊಳ್ಳುವಾಗ ಮನುಷ್ಯರು ಕೂತು ಪರಿಶೀಲಿಸುತ್ತಾರೆ. ಆಮೇಲಿನ ಪ್ರತಿ ಅಪ್‌ಡೇಟನ್ನೂ ಹಾಗೆ ಯಾರೂ ಓದುವುದಿಲ್ಲ. ಸುಮಾರು 60,000 ಪ್ಲಗಿನ್‌ಗಳಿರುವ ಕಡೆ ಅದು ಆಗುವ ಮಾತೂ ಅಲ್ಲ.

2017ರಲ್ಲಿ 'ಡಿಸ್‌ಪ್ಲೇ ವಿಜೆಟ್ಸ್' ಎಂಬ ಪ್ಲಗಿನ್ನಿಗೆ ಆದದ್ದು ಇದೇ. ಯಾವ ಪುಟದಲ್ಲಿ ಯಾವ ವಿಜೆಟ್ (ಪುಟದ ಬದಿಯಲ್ಲಿ ಕೂರುವ ಪುಟ್ಟ ಪೆಟ್ಟಿಗೆ) ಕಾಣಬೇಕು ಎಂದು ತೀರ್ಮಾನಿಸುವ ಸಾಧುವಾದ ಸಾಧನ. 2 ಲಕ್ಷ ತಾಣಗಳಲ್ಲಿತ್ತು. ಮೂಲ ಲೇಖಕರು ಅದನ್ನು ಮಾರಿದರು. ಕೊಂಡವರು ಅಪ್‌ಡೇಟ್ ಹೆಸರಿನಲ್ಲಿ ಹಿಂಬಾಗಿಲು (ತಾವು ಗುಟ್ಟಾಗಿ ಒಳಬರುವ ದಾರಿ) ಸೇರಿಸಿ, ಆ ತಾಣಗಳಲ್ಲಿ ಸ್ಪ್ಯಾಮ್ ಪುಟಗಳನ್ನು ಪ್ರಕಟಿಸಲು ಶುರುಮಾಡಿದರು. ಅದರ ಚಾಲಾಕಿ ನೋಡಿ: ಲಾಗಿನ್ ಆದವರಿಗೆ ಆ ಪುಟಗಳು ಕಾಣುತ್ತಲೇ ಇರಲಿಲ್ಲ. ಮಾಲೀಕ ತನ್ನ ತಾಣ ತೆರೆದರೆ ಎಲ್ಲವೂ ಶುಭ್ರ, ಹೊರಗಿನವರಿಗೂ ಗೂಗಲ್‌ಗೂ ಮಾತ್ರ ಕಸದ ರಾಶಿ. ಭಂಡಾರದವರು ತೆಗೆದುಹಾಕಿದರು, ಅದು ಸಬೂಬು ಹೇಳಿ ಮರಳಿ ಬಂತು, ಮತ್ತೆ ತೆಗೆದರು. ಸೆಪ್ಟೆಂಬರ್‌ನಲ್ಲಿ ಕೊನೆಗೂ ಹೊರಬಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ 3 ಲಕ್ಷ ತಾಣಗಳಲ್ಲಿದ್ದ 'ಕ್ಯಾಪ್ಚಾ' ಎಂಬ ಪ್ಲಗಿನ್ನಿನ ಕತೆಯೂ ಇದೇ ದಾರಿ ಹಿಡಿಯಿತು. ಮಾಲೀಕತ್ವ ಬದಲಾಯಿತು, ಹಿಂಬಾಗಿಲು ಬಂತು.

ಮಾರುವ ಲೇಖಕರನ್ನು ಬೈಯುವುದು ಸುಲಭ. ವರ್ಷಗಟ್ಟಲೆ ಬಿಟ್ಟಿಯಾಗಿ ದುಡಿದು, ದಿನವೂ ಸಿಡುಕಿನ ದೂರುಗಳಿಗೆ ಉತ್ತರ ಬರೆದು ಸುಸ್ತಾದವನಿಗೆ ಒಬ್ಬ ಬಂದು 'ಇಷ್ಟು ಹಣ ಕೊಡುತ್ತೇನೆ, ಬಿಟ್ಟುಕೊಡು' ಎಂದರೆ ಅವನು ಒಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೇ ಒಬ್ಬಂಟಿ ಲೇಖಕನ, ಆದಾಯವೇ ಇಲ್ಲದ, ಆದರೆ ಲಕ್ಷಗಟ್ಟಲೆ ಜನ ನೆಚ್ಚಿಕೊಂಡ ಪ್ಲಗಿನ್ ಕಂಡರೆ ನನಗೆ ಗೌರವವೂ ಮೂಡುತ್ತದೆ, ಅಳುಕೂ ಆಗುತ್ತದೆ. ಇದು ಹೇಗೆ ಹೊಟ್ಟೆ ಹೊರೆಯುತ್ತಿದೆ ಎಂದು ವಿಚಾರಿಸುವುದು ಭದ್ರತಾ ಪರೀಕ್ಷೆಯ ಭಾಗವೇ. ಹಣ ಕೊಟ್ಟು ಕೊಳ್ಳುವ ಪ್ರೋ ಆವೃತ್ತಿ ಇದೆಯೇ, ಹಿಂದೆ ಒಂದು ಕಂಪನಿ ಇದೆಯೇ, ಕೋಡ್ ಸೇರಿಸುವ ಹಕ್ಕು ಎಷ್ಟು ಜನರಿಗಿದೆ, ಇತ್ತೀಚೆಗೆ ಲೇಖಕರ ಹೆಸರು ಬದಲಾಗಿದೆಯೇ. ಪ್ಲಗಿನ್ನಿನ ಪುಟದಲ್ಲಿ 'ಡೆವಲಪ್‌ಮೆಂಟ್' ಎಂಬ ಭಾಗ ತೆರೆದರೆ ಇದರಲ್ಲಿ ಕೆಲವಕ್ಕೆ ಸುಳಿವು ಸಿಗುತ್ತದೆ.

ಲೇಖಕ ಪ್ರಾಮಾಣಿಕನಾಗಿದ್ದರೂ ಅವನ ಪಾಸ್‌ವರ್ಡ್ ಕಳ್ಳನ ಕೈಗೆ ಸಿಕ್ಕರೆ? 2024ರ ಜೂನ್‌ನಲ್ಲಿ 'ಸೋಷಿಯಲ್ ವಾರ್‌ಫೇರ್' ಮತ್ತು ಇನ್ನೂ ಕೆಲವು ಪ್ಲಗಿನ್‌ಗಳಿಗೆ ಅಧಿಕೃತ ಭಂಡಾರದ ಮೂಲಕವೇ ವಿಷ ಬೆರೆತ ಅಪ್‌ಡೇಟ್ ಬಂತು. ಬೇರೆಲ್ಲೋ ಸೋರಿಹೋಗಿದ್ದ ಪಾಸ್‌ವರ್ಡನ್ನೇ ಡೆವಲಪರ್‌ಗಳು ಇಲ್ಲೂ ಬಳಸಿದ್ದರು. ದಾಳಿಕೋರರು ಅದನ್ನು ಹಾಕಿ ನೋಡಿದರು, ಬಾಗಿಲು ತೆರೆಯಿತು. ಆ ಅಪ್‌ಡೇಟ್ ತಾಣಗಳಲ್ಲಿ ಗುಟ್ಟಾಗಿ ಹೊಸ ಅಡ್ಮಿನ್ ಖಾತೆ ತೆರೆಯುತ್ತಿತ್ತು. ಇದಾದ ಮೇಲೆ, 2024ರ ಅಕ್ಟೋಬರ್ 1ರಿಂದ, ಭಂಡಾರಕ್ಕೆ ಕೋಡ್ ಸೇರಿಸುವವರಿಗೆಲ್ಲ ಎರಡು ಹಂತದ ಲಾಗಿನ್ ಕಡ್ಡಾಯವಾಯಿತು.

ಅದೇ ಅಕ್ಟೋಬರ್ 12ರಂದು ಇನ್ನೊಂದು ವಿಚಿತ್ರ ನಡೆಯಿತು. 20 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ 'ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್' ಪ್ಲಗಿನ್ನಿನ ಭಂಡಾರದ ಜಾಗವನ್ನು ವರ್ಡ್‌ಪ್ರೆಸ್ಸಿನ ಕಡೆಯವರೇ ವಶಪಡಿಸಿಕೊಂಡು, ಹೆಸರು ಬದಲಿಸಿ, ತಮ್ಮ ಆವೃತ್ತಿಯನ್ನು ಅದೇ ವಿಳಾಸದಿಂದ ಕಳಿಸತೊಡಗಿದರು. ವರ್ಡ್‌ಪ್ರೆಸ್ ಸ್ಥಾಪಕರಲ್ಲೊಬ್ಬರ ಆಟೊಮ್ಯಾಟಿಕ್ ಮತ್ತು ಆ ಪ್ಲಗಿನ್ನಿನ ಒಡೆಯ ಡಬ್ಲ್ಯುಪಿ ಎಂಜಿನ್ ಕಂಪನಿಗಳ ಜಗಳದ ಒಂದು ಅಧ್ಯಾಯ ಅದು. ಡಿಸೆಂಬರ್‌ನಲ್ಲಿ ನ್ಯಾಯಾಲಯದ ಮಧ್ಯಂತರ ಆದೇಶದಿಂದ ಜಾಗ ಹಳೆಯ ಒಡೆಯರಿಗೆ ಮರಳಿತು. ಅಲ್ಲಿ ವಿಷವೇನೂ ಇರಲಿಲ್ಲ, ಯಾರು ಸರಿ ಯಾರು ತಪ್ಪು ಎಂಬ ಪಂಚಾಯಿತಿಗೆ ನಾನು ಇಳಿಯುವುದೂ ಇಲ್ಲ. ಆದರೆ ತಾಣ ನಡೆಸುವವನ ಕಡೆಯಿಂದ ನೋಡಿದರೆ, ಅವನು ಒಬ್ಬರನ್ನು ನಂಬಿ ಹಾಕಿದ್ದ ಪ್ಲಗಿನ್ ರಾತ್ರೋರಾತ್ರಿ ಇನ್ನೊಬ್ಬರದ್ದಾಗಿತ್ತು. ಅಪ್‌ಡೇಟ್ ಕೊಳವೆಯ ಆ ತುದಿಯಲ್ಲಿ ಕೂತವರ ಶಕ್ತಿ ಎಷ್ಟು ಎನ್ನುವುದು ಲಕ್ಷಾಂತರ ಜನಕ್ಕೆ ಗೊತ್ತಾದದ್ದು ಆ ದಿನ.

ಹುಳುಕು ಸಿಕ್ಕಾಗ ಏನು ಮಾಡಿದರು

ಪ್ಲಗಿನ್ನಿನ ಹೆಸರನ್ನು ಪ್ಯಾಚ್‌ಸ್ಟ್ಯಾಕ್, ವರ್ಡ್‌ಫೆನ್ಸ್, ಡಬ್ಲ್ಯುಪಿಸ್ಕ್ಯಾನ್ ಇವುಗಳ ದೋಷಪಟ್ಟಿಯಲ್ಲಿ ಹುಡುಕುವುದು ಎಲ್ಲರೂ ಕೊಡುವ ಸಲಹೆ. ಹುಡುಕಿದ ಮೇಲೆ ಏನು ಮಾಡಬೇಕು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಹನ್ನೆರಡು ದೋಷ ಸಿಕ್ಕಿದ ಪ್ಲಗಿನ್ ಬೇಡ, ಒಂದೂ ಸಿಗದ್ದು ಬೇಕು ಎಂದುಬಿಡುತ್ತಾರೆ. ನನ್ನ ಲೆಕ್ಕ ಹೆಚ್ಚುಕಡಿಮೆ ಇದಕ್ಕೆ ತಿರುಗುಮುರುಗು. ಐದು ವರ್ಷ ಹಳೆಯ, ಸಾವಿರಾರು ಸಾಲಿನ ಪ್ಲಗಿನ್ನಿನಲ್ಲಿ ಒಂದೂ ದೋಷ ದಾಖಲಾಗಿಲ್ಲವೆಂದರೆ ಅದು ಪರಿಶುದ್ಧವಾಗಿದೆ ಎನ್ನುವುದಕ್ಕಿಂತ ಯಾರೂ ಹುಡುಕಿಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು.

ನೋಡಬೇಕಾದ್ದು ದೋಷದ ಎಣಿಕೆಯನ್ನಲ್ಲ, ಅದರ ಜಾತಿಯನ್ನು. ಲಾಗಿನ್ ಆಗದವನಿಗೂ ಸಿಗುವ ದೋಷವೇ, ಅಥವಾ ಈಗಾಗಲೇ ತಾಣದ ಎಡಿಟರ್ ದರ್ಜೆಯಲ್ಲಿರುವವನು ಮಾತ್ರ ಮಾಡಬಹುದಾದ ಕಿತಾಪತಿಯೇ? ಎರಡಕ್ಕೂ ಪಟ್ಟಿಯಲ್ಲಿ ಒಂದೊಂದು ಸಾಲೇ ಇರುತ್ತದೆ, ಅಪಾಯದಲ್ಲಿ ಮಾತ್ರ ಅಜಗಜಾಂತರ. ಆಮೇಲೆ ಅದೇ ತಪ್ಪು ಮತ್ತೆ ಮತ್ತೆ ಮರುಕಳಿಸಿದೆಯೇ. ಮೂರು ವರ್ಷದಲ್ಲಿ ನಾಲ್ಕು ಸಲ 'ಅನುಮತಿ ಪರೀಕ್ಷೆ ಮರೆತಿದೆ' ಎಂದಿದ್ದರೆ ಅದು ಆಕಸ್ಮಿಕವಲ್ಲ, ಅವರು ಕೋಡ್ ಬರೆಯುವ ರೀತಿಯೇ ಹಾಗೆ. ಮತ್ತೆ, ತಿಳಿಸಿದ ಮೇಲೆ ಸರಿಪಡಿಸಲು ಎಷ್ಟು ದಿನ ಹಿಡಿಯಿತು.

ಇದಾದ ಮೇಲೆ ಚೇಂಜ್‌ಲಾಗ್, ಅಂದರೆ ಪ್ರತಿ ಆವೃತ್ತಿಯಲ್ಲಿ ಏನು ಬದಲಿಸಿದೆವೆಂದು ಲೇಖಕರು ಬರೆಯುವ ಪಟ್ಟಿ, ಓದಿ. ದೋಷಪಟ್ಟಿಯಲ್ಲಿ ಗಂಭೀರ ಎಂದು ನಮೂದಾದ ಅದೇ ಆವೃತ್ತಿಯ ಎದುರು ಲೇಖಕರು ಏನು ಬರೆದುಕೊಂಡಿದ್ದಾರೆ ಎಂದು ಹೋಲಿಸಿ ನೋಡುವುದು ನನಗೆ ಬಲು ಇಷ್ಟದ ಕೆಲಸ. ಕೆಲವರು 'ಭದ್ರತಾ ದೋಷ ಸರಿಪಡಿಸಿದೆ, ಕೂಡಲೇ ಅಪ್‌ಡೇಟ್ ಮಾಡಿ' ಎಂದು ನೇರ ಹೇಳುತ್ತಾರೆ. ಇನ್ನು ಕೆಲವರು 'ಸಣ್ಣಪುಟ್ಟ ಸುಧಾರಣೆಗಳು' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಎರಡನೆಯ ಜಾತಿಯವರನ್ನು ನಾನು ಕೋಡ್ ನೋಡುವ ಮೊದಲೇ ಬಿಡುತ್ತೇನೆ.

ಗುಟ್ಟಾಗಿ ಸರಿಪಡಿಸುವುದರ ಬೆಲೆ ಏನೆಂದು ಚಿತ್ರಗಳ ಸಾಲು ಸರಿಸುವ 'ಸ್ಲೈಡರ್ ರೆವಲ್ಯೂಷನ್' ಪ್ಲಗಿನ್ ತೋರಿಸಿತು. 2014ರ ಆರಂಭದಲ್ಲೇ ಅದರ ದೋಷವನ್ನು ಸದ್ದಿಲ್ಲದೆ ತಿದ್ದಲಾಗಿತ್ತು. ಆದರೆ ಆ ಸ್ಲೈಡರ್ ನೂರಾರು ಥೀಮ್‌ಗಳ (ತಾಣದ ರೂಪ ನಿರ್ಧರಿಸುವ ಕಟ್ಟುಗಳ) ಹೊಟ್ಟೆಯೊಳಗೆ ಸೇರಿಕೊಂಡು ಮಾರಾಟವಾಗಿತ್ತು. ಎಷ್ಟೋ ಮಾಲೀಕರಿಗೆ ಅದು ತಮ್ಮ ತಾಣದಲ್ಲಿದೆ ಎಂಬುದೇ ತಿಳಿದಿರಲಿಲ್ಲ, ಹಾಗೆ ಬಂದದ್ದು ತಾನಾಗಿ ಅಪ್‌ಡೇಟ್ ಆಗುತ್ತಲೂ ಇರಲಿಲ್ಲ. ಆ ಡಿಸೆಂಬರ್‌ನಲ್ಲಿ 'ಸೋಕ್‌ಸೋಕ್' ಎಂಬ ದಾಳಿ ಲಕ್ಷದಷ್ಟು ತಾಣಗಳನ್ನು ಕೆಡಿಸಿತು. ಥೀಮ್ ಕೊಳ್ಳುವಾಗ 'ಇದರ ಜೊತೆ ಇಷ್ಟು ಪ್ರೀಮಿಯಂ ಪ್ಲಗಿನ್ ಉಚಿತ' ಎಂದಿದ್ದರೆ ಆ ಉಚಿತದವುಗಳಿಗೆ ಅಪ್‌ಡೇಟ್ ಯಾರು ಕೊಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ಇಲ್ಲೊಂದು ಮಾತು ಸೇರಿಸಬೇಕು. ಭದ್ರತೆಗೆಂದೇ ಇರುವ ಪ್ಲಗಿನ್ ಆದರೆ ಪರೀಕ್ಷೆ ಬೇಡ ಎಂಬ ನಂಬಿಕೆ ಹಲವರಲ್ಲಿದೆ. ಆಗ 40 ಲಕ್ಷ ತಾಣಗಳಲ್ಲಿದ್ದ 'ರಿಯಲಿ ಸಿಂಪಲ್ ಸೆಕ್ಯೂರಿಟಿ'ಯಲ್ಲಿ 2024ರ ನವೆಂಬರ್‌ನಲ್ಲಿ ಹೊರಬಿದ್ದ ದೋಷ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಿತ್ತು. ಲಾಗಿನ್ ಗುರುತು ತಾಳೆಯಾಗದಿದ್ದರೆ ಕೋಡ್ 'ತಪ್ಪಾಗಿದೆ' ಎಂಬ ಉತ್ತರವನ್ನೇನೋ ತಯಾರಿಸುತ್ತಿತ್ತು. ಆದರೆ ಆ ಉತ್ತರವನ್ನು ಯಾರೂ ಕೇಳಿಸಿಕೊಳ್ಳದೆ ಕೆಲಸ ಮುಂದುವರಿಯುತ್ತಿತ್ತು, ಬಂದವನು ಅಡ್ಮಿನ್ ಆಗಿ ಒಳಗೆ ಹೋಗುತ್ತಿದ್ದ. ಎರಡು ಹಂತದ ಲಾಗಿನ್ ಸೌಲಭ್ಯ ಆನ್ ಮಾಡಿದ್ದವರ ತಾಣಗಳೇ, ಅಂದರೆ ಜಾಗರೂಕರಾಗಿದ್ದವರ ತಾಣಗಳೇ, ಇದಕ್ಕೆ ಈಡಾದವು. ಆದರೆ ಆ ತಂಡ ಅದನ್ನು ಮುಚ್ಚಿಡಲಿಲ್ಲ. 9.1.2ನೇ ಆವೃತ್ತಿ ತಡವಿಲ್ಲದೆ ಬಂತು, ವರ್ಡ್‌ಪ್ರೆಸ್ ಭಂಡಾರದವರ ಜೊತೆ ಸೇರಿ ತಾಣಗಳಿಗೆ ಬಲವಂತದ ಅಪ್‌ಡೇಟ್ ತಳ್ಳಲಾಯಿತು. ಅಂಥ ತಂಡದ ಪ್ಲಗಿನ್ನನ್ನು ಆ ಒಂದು ದೋಷದ ಕಾರಣಕ್ಕೆ ನಾನು ತೆಗೆದುಹಾಕುವುದಿಲ್ಲ.

ಯಾವ ಬಾಗಿಲು ತೆರೆಯುತ್ತದೆ

ಕೋಡ್ ಬರೆಯಲು ಬಾರದವರೂ ಕೇಳಬಹುದಾದ ಒಳ್ಳೆಯ ಪ್ರಶ್ನೆಯೊಂದಿದೆ: ಹೊರಗಿನಿಂದ ಬಂದ ಏನನ್ನು ಈ ಪ್ಲಗಿನ್ ಒಳಗೆ ಬಿಟ್ಟುಕೊಳ್ಳುತ್ತದೆ? ಪುಟದಲ್ಲಿ ಗಡಿಯಾರ ತೋರಿಸುವ ಪ್ಲಗಿನ್ ಏನನ್ನೂ ಬಿಟ್ಟುಕೊಳ್ಳಬೇಕಿಲ್ಲ. ಸಂಪರ್ಕ ಫಾರ್ಮ್ ಅಕ್ಷರಗಳನ್ನು ಬಿಟ್ಟುಕೊಳ್ಳುತ್ತದೆ. ಅದರಲ್ಲೇ 'ಕಡತ ಲಗತ್ತಿಸಿ' ಎಂಬ ಅವಕಾಶ ಇದ್ದರೆ ಅಪಾಯ ಒಂದು ಮೆಟ್ಟಿಲು ಮೇಲೇರಿತು. ಸದಸ್ಯತ್ವ, ಪಾಸ್‌ವರ್ಡ್ ಮರುಹೊಂದಿಕೆ, ಬ್ಯಾಕಪ್ ಮರುಸ್ಥಾಪನೆ, ಹೊರಗಿನ ಸೇವೆಯಿಂದ ಆಜ್ಞೆ ಪಡೆಯುವುದು, ಕಡತ ನಿರ್ವಹಣೆ ಇವೆಲ್ಲ ತುತ್ತತುದಿಯವು. ಕೆಳಗಿನ ಮೆಟ್ಟಿಲಿನವಕ್ಕೆ ಹತ್ತು ನಿಮಿಷದ ತಪಾಸಣೆ ಸಾಕು. ಮೇಲಿನವಕ್ಕೆ ಒಂದು ಮಧ್ಯಾಹ್ನವನ್ನೇ ಕೊಡಬೇಕು, ಇಲ್ಲವೇ ಅದಿಲ್ಲದೆ ಕೆಲಸ ಸಾಗಿಸಬೇಕು. ಫೈಲ್ ಮ್ಯಾನೇಜರ್ ಬಳಸಿದವರಲ್ಲಿ ಅನೇಕರಿಗೆ ಹೋಸ್ಟಿಂಗ್ ಖಾತೆಯಲ್ಲೇ ಅದೇ ಸೌಲಭ್ಯ ಇತ್ತು ಎಂಬುದು ನನ್ನ ಅನುಮಾನ.

ಸ್ವಲ್ಪ ಪಿಎಚ್‌ಪಿ ಬಲ್ಲವರು ಜಿಪ್ ಕಡತ ಇಳಿಸಿಕೊಂಡು ಎಡಿಟರಿನಲ್ಲಿ ತೆರೆದು ಕೆಲವು ಪದ ಹುಡುಕಿದರೆ ಸಾಕಷ್ಟು ತಿಳಿಯುತ್ತದೆ. 'ಇವ್ಯಾಲ್', 'ಬೇಸ್64 ಡಿಕೋಡ್' ಇವು, ಬಚ್ಚಿಟ್ಟ ಕೋಡ್ ಬಿಡಿಸಿ ಓಡಿಸಲು ಬಳಕೆಯಾಗುವವು, ಎಲ್ಲರೂ ಹೇಳುವ ಹೆಸರುಗಳು. ಓದಲಾಗದಂತೆ ಕಲಸಿದ ಕೋಡನ್ನು ಅಧಿಕೃತ ಭಂಡಾರದ ನಿಯಮವೇ ನಿಷೇಧಿಸುತ್ತದೆ, ಹಾಗಾಗಿ ಅಂಥದ್ದು ಕಂಡರೆ ಅಲ್ಲಿಗೆ ನಿಲ್ಲಿಸಬಹುದು. ಆದರೆ ಕಳ್ಳ ಕೋಡಿಗಿಂತ ಪೆದ್ದು ಕೋಡ್ ಮಾಡಿದ ಅನಾಹುತವೇ ಜಾಸ್ತಿ. ಅದಕ್ಕೆ ನಾನು ಮೊದಲು ಹುಡುಕುವುದು 'ನೋಪ್ರಿವ್' ಎಂಬ ಪದವನ್ನು. ಅಜಾಕ್ಸ್ ಕರೆಗಳ (ಪುಟ ಮತ್ತೆ ತೆರೆಯದೆ ಬ್ರೌಸರ್ ಸರ್ವರಿಗೆ ಕಳಿಸುವ ಕೋರಿಕೆಗಳ) ಹೆಸರಿನಲ್ಲಿ ಇದು ಬಂದಿದೆಯೆಂದರೆ ಆ ಕೆಲಸ ಲಾಗಿನ್ ಆಗದವರಿಗೂ ತೆರೆದಿದೆ ಎಂದರ್ಥ. ಹೊರಗಿನ ತಂತ್ರಾಂಶಗಳು ತಾಣದೊಡನೆ ಮಾತಾಡುವ ರೆಸ್ಟ್ ಎಪಿಐ ಆದರೆ 'ಪರ್ಮಿಷನ್ ಕಾಲ್‌ಬ್ಯಾಕ್' ಎಂಬಲ್ಲಿ 'ರಿಟರ್ನ್ ಟ್ರೂ' ಎಂದಿದೆಯೇ ನೋಡಬೇಕು; ಬಂದವರಿಗೆಲ್ಲ ಹೌದು ಎನ್ನುವ ಕಾವಲುಗಾರ ಅದು. ತೆರೆದಿರುವುದೇ ತಪ್ಪೇನಲ್ಲ, ಹುಡುಕಾಟದ ಪೆಟ್ಟಿಗೆ ಎಲ್ಲರಿಗೂ ತೆರೆದಿರಲೇಬೇಕು. ಆ ತೆರೆದ ಬಾಗಿಲ ಹಿಂದೆ ಸೆಟ್ಟಿಂಗ್ ಬದಲಿಸುವ, ಬಳಕೆದಾರರನ್ನು ಸೇರಿಸುವ, ಕಡತ ಬರೆಯುವ ಕೋಡ್ ಇದೆಯೇ ಎಂಬುದಷ್ಟೇ ವಿಷಯ.

ಅನುಭವಸ್ಥರೂ ಜಾರುವ ಒಂದು ಜಾಗ 'ಈಸ್ ಅಡ್ಮಿನ್' ಎಂಬ ಫಂಕ್ಷನ್. ಹೆಸರು ಓದಿದರೆ ಬಂದವನು ಅಡ್ಮಿನ್ ಹೌದೇ ಎಂದು ಕೇಳಿದಂತಿದೆ. ಅದು ಕೇಳುವುದು, ಈಗ ತೆರೆದಿರುವುದು ಅಡ್ಮಿನ್ ಕಡೆಯ ಪುಟವೇ ಎಂದು ಮಾತ್ರ. ಅದೇ ರೀತಿ 'ಅಡ್ಮಿನ್ ಇನಿಟ್' ಎಂಬ ಕೊಕ್ಕೆಗೆ (ಪ್ಲಗಿನ್ ತನ್ನ ಕೋಡ್ ಜೋಡಿಸುವ ಜಾಗಕ್ಕೆ) ಸಿಕ್ಕಿಸಿದ ಕೆಲಸ, ಲಾಗಿನ್ ಆಗದವನು ಅಜಾಕ್ಸ್ ವಿಳಾಸಕ್ಕೆ ಕರೆ ಕಳಿಸಿದಾಗಲೂ ಓಡುತ್ತದೆ. ಬಂದವನ ಅಧಿಕಾರ ಕೇಳುವ ನಿಜವಾದ ಪ್ರಶ್ನೆ 'ಕರೆಂಟ್ ಯೂಸರ್ ಕ್ಯಾನ್'. ಇದರ ಜೊತೆಗೆ 'ನಾನ್ಸ್' ಎಂಬ ಗುರುತುಚೀಟಿಯ ತಪಾಸಣೆಯೂ ಇರಬೇಕು, ಆದರೆ ಚೀಟಿ ಅಧಿಕಾರಕ್ಕೆ ಬದಲಿಯಲ್ಲ. ಚೀಟಿ ನೋಡಿ ಅಧಿಕಾರ ಕೇಳಲು ಮರೆತ ಕೋಡ್ ಹೇರಳವಾಗಿದೆ.

ಮರೆತರೆ ಏನಾಗುತ್ತದೆ ಎನ್ನುವುದಕ್ಕೆ 2018ರ ನವೆಂಬರ್‌ನ 'ಡಬ್ಲ್ಯುಪಿ ಜಿಡಿಪಿಆರ್ ಕಂಪ್ಲಯನ್ಸ್' ಉದಾಹರಣೆ. ಖಾಸಗಿತನದ ಕಾನೂನು ಪಾಲಿಸಲು ನೆರವಾಗುತ್ತೇನೆಂದು ಲಕ್ಷ ತಾಣಗಳಿಗೆ ಬಂದಿದ್ದ ಈ ಪ್ಲಗಿನ್, ತಾಣದ ಯಾವ ಸೆಟ್ಟಿಂಗನ್ನಾದರೂ ಯಾರಾದರೂ ಬದಲಿಸಲು ಬಿಡುತ್ತಿತ್ತು. ದಾಳಿಕೋರರು ಬದಲಿಸಿದ್ದು ಎರಡೇ. 'ಯಾರು ಬೇಕಾದರೂ ಸದಸ್ಯರಾಗಬಹುದು' ಎಂಬುದನ್ನು ಆನ್ ಮಾಡಿದರು, 'ಹೊಸ ಸದಸ್ಯರ ದರ್ಜೆ' ಎಂಬಲ್ಲಿ ಅಡ್ಮಿನ್ ಎಂದು ಹಾಕಿದರು. ಆಮೇಲೆ ಸಭ್ಯರಂತೆ ಫಾರ್ಮ್ ತುಂಬಿ ಸದಸ್ಯರಾದರು.

ಎಲ್ಲ ತಪ್ಪೂ ಹೀಗೆ ಹುಡುಕಿದರೆ ಸಿಗುವಂಥದ್ದಲ್ಲ. ಆಗ 50 ಲಕ್ಷ ತಾಣಗಳಲ್ಲಿದ್ದ 'ಲೈಟ್‌ಸ್ಪೀಡ್ ಕ್ಯಾಶ್' ಪ್ಲಗಿನ್ನಿನಲ್ಲಿ 2024ರ ಆಗಸ್ಟ್‌ನಲ್ಲಿ ಹೊರಬಿದ್ದದ್ದು ಗಣಿತದ ಹುಳುಕು. ಒಂದು ಒಳಗುಟ್ಟಿನ ಸಂಕೇತ ಉದ್ದವಾಗಿ, ಗಟ್ಟಿಯಾಗಿಯೇ ಕಾಣುತ್ತಿತ್ತು. ಅದನ್ನು ಹುಟ್ಟಿಸುವ ಬೀಜ ಗಡಿಯಾರದ ಸೆಕೆಂಡಿನ ಭಿನ್ನಾಂಶವಾದ್ದರಿಂದ ಇದ್ದ ಸಾಧ್ಯತೆಗಳು 10 ಲಕ್ಷ ಮಾತ್ರ. ಮನುಷ್ಯನಿಗೆ ದೊಡ್ಡ ಸಂಖ್ಯೆ, ಒಂದೊಂದಾಗಿ ಹಾಕಿ ನೋಡುವ ಯಂತ್ರಕ್ಕೆ ಕೆಲವು ದಿನದ ಕೆಲಸ. ಇಂಥದ್ದನ್ನು ನೀವು ನಾನು ಹಾಕುವ ಮುನ್ನ ಕಂಡುಹಿಡಿಯುತ್ತೇವೆ ಎನ್ನುವುದು ಜಂಬವಾದೀತು. ಅದಕ್ಕೇ ನಾನು ಮನುಷ್ಯರ ವಿಚಾರವನ್ನು ಮೊದಲಿಟ್ಟದ್ದು. ಕೋಡ್ ತಪಾಸಣೆ ಕೆಟ್ಟದ್ದನ್ನು ಹೊರಗಿಡಲು ಸಾಕು, ಒಳ್ಳೆಯದೆಂದು ಪ್ರಮಾಣಪತ್ರ ಕೊಡಲು ಸಾಲದು.

ಪುಟ ಹೇಳುವುದು, ಹೇಳದಿರುವುದು

ಪ್ಲಗಿನ್ ಪುಟದ ಬಲಬದಿಯ ಅಂಕಿಗಳಲ್ಲಿ ಎರಡರ ಬಗ್ಗೆ ಎಚ್ಚರ ಇರಲಿ. 'ಇಂತಿಂಥ ವರ್ಡ್‌ಪ್ರೆಸ್ ಆವೃತ್ತಿಯವರೆಗೆ ಪರೀಕ್ಷಿಸಿದೆ' ಎಂಬುದು ಯಾವುದೋ ಪ್ರಯೋಗಾಲಯದ ಫಲಿತಾಂಶವಲ್ಲ, ರೀಡ್‌ಮಿ ಕಡತದಲ್ಲಿ ಲೇಖಕರೇ ಬರೆದ ಒಂದು ಸಾಲು. ಆ ಸಂಖ್ಯೆಯನ್ನಷ್ಟೇ ತಿದ್ದಿದರೂ 'ಕೊನೆಯ ಅಪ್‌ಡೇಟ್' ದಿನಾಂಕ ಹೊಸದಾಗುತ್ತದೆ. ಎರಡು ವರ್ಷದಿಂದ ಕೋಡಿಗೆ ಕೈ ಹಚ್ಚದವರೂ ಹೀಗೆ ಚುರುಕಾಗಿ ಕಾಣಿಸಿಕೊಳ್ಳಬಹುದು. ಅನುಮಾನ ಬಂದರೆ ಹಿಂದಿನ ಆವೃತ್ತಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಭಂಡಾರದ 'ಟ್ರ್ಯಾಕ್' ಎಂಬ ಕಡೆ ಯಾರು ಬೇಕಾದರೂ ನೋಡಬಹುದು.

ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬ ವಿಚಾರದಲ್ಲಿ 'ನಲ್ಡ್' ಪ್ಲಗಿನ್‌ಗಳ ಬಗ್ಗೆ ಒಂದೇ ಮಾತು ಸಾಕು. ಹಣ ಕೊಟ್ಟು ಕೊಳ್ಳಬೇಕಾದ್ದನ್ನು ಬಿಟ್ಟಿಯಾಗಿ ಹಂಚುವವನ ಲಾಭ ಎಲ್ಲಿದೆ ಎಂದು ಯೋಚಿಸಿ. 'ಡಬ್ಲ್ಯುಪಿ ವಿಸಿಡಿ' ಎಂಬ ಕುತಂತ್ರಾಂಶ ವರ್ಷಗಟ್ಟಲೆ ಹರಡಿದ್ದು ಇದೇ ದಾರಿಯಲ್ಲಿ. ಹಣ ಕೊಟ್ಟು ಮೂಲ ಕಂಪನಿಯ ತಾಣದಿಂದಲೇ ಇಳಿಸಿಕೊಂಡವರೂ ಸಂಪೂರ್ಣ ನಿಶ್ಚಿಂತರಲ್ಲ. 'ಆ್ಯಕ್ಸೆಸ್‌ಪ್ರೆಸ್ ಥೀಮ್ಸ್' ಕಂಪನಿಯ ತಾಣಕ್ಕೆ 2021ರಲ್ಲಿ ನುಗ್ಗಿದವರು ಅಲ್ಲಿದ್ದ 40 ಥೀಮ್, 53 ಪ್ಲಗಿನ್‌ಗಳಿಗೆ ಹಿಂಬಾಗಿಲು ಸೇರಿಸಿದ್ದರು. ವರ್ಡ್‌ಪ್ರೆಸ್ ಭಂಡಾರದಲ್ಲಿದ್ದ ಅವೇ ಪ್ಲಗಿನ್‌ಗಳ ಪ್ರತಿ ಮಾತ್ರ ಶುದ್ಧವಾಗಿತ್ತು. 2025ರ ಜುಲೈನಲ್ಲಿ 'ಗ್ರಾವಿಟಿ ಫಾರ್ಮ್ಸ್' ವಿಷಯದಲ್ಲೂ ಕೈಯಾರೆ ಇಳಿಸಿಕೊಂಡ ಪ್ರತಿಗಳಲ್ಲೇ ವಿಷ ಇದ್ದದ್ದು. ಎರಡು ಕಡೆಯ ಪ್ರತಿಗಳೂ ಸಿಗುವಂತಿದ್ದರೆ ಅವನ್ನು ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ.

ಪ್ಲಗಿನ್ ಎಲ್ಲೆಲ್ಲಿಗೆ ಮಾತಾಡುತ್ತದೆ ಎಂಬುದನ್ನೂ ನೋಡಬೇಕು. ಕೋಡ್ ನಿಮ್ಮ ಸರ್ವರಿನಲ್ಲಿದ್ದರೂ ಅದು ಬೇರೆ ಡೊಮೇನಿನಿಂದ ಜಾವಾಸ್ಕ್ರಿಪ್ಟ್ ಎಳೆದು ತರುತ್ತಿದ್ದರೆ, ನಿಮ್ಮ ನಂಬಿಕೆಯ ಸರಪಳಿಗೆ ಇನ್ನೊಂದು ಕೊಂಡಿ ಸೇರಿದಂತೆ. 'ಪಾಲಿಫಿಲ್ ಡಾಟ್ ಐಒ' ಡೊಮೇನ್ 2024ರಲ್ಲಿ ಕೈ ಬದಲಾಯಿಸಿ, ಜೂನ್ ಹೊತ್ತಿಗೆ ಅದರಿಂದ ಸ್ಕ್ರಿಪ್ಟ್ ಪಡೆಯುತ್ತಿದ್ದ ಲಕ್ಷಕ್ಕೂ ಹೆಚ್ಚು ತಾಣಗಳ ಓದುಗರನ್ನು ಎಲ್ಲೆಲ್ಲಿಗೋ ಅಟ್ಟತೊಡಗಿತ್ತು. ಇದನ್ನು ಪತ್ತೆ ಮಾಡಲು ಕೋಡ್ ಓದಬೇಕಿಲ್ಲ. ಪ್ಲಗಿನ್ನನ್ನು ನಿಜವಾದ ತಾಣಕ್ಕೆ ಹಾಕುವ ಮೊದಲು ಸ್ಟೇಜಿಂಗ್ (ಪ್ರಯೋಗದ) ಪ್ರತಿಯಲ್ಲೋ, ಬ್ರೌಸರಿನೊಳಗೇ ಓಡುವ ವರ್ಡ್‌ಪ್ರೆಸ್ ಪ್ಲೇಗ್ರೌಂಡ್‌ನಲ್ಲೋ ಹಾಕಿ, ಬ್ರೌಸರಿನ ನೆಟ್‌ವರ್ಕ್ ಪಟ್ಟಿ ತೆರೆದು ಪುಟ ಲೋಡ್ ಮಾಡಿ. ಗುರುತಿಲ್ಲದ ಡೊಮೇನ್ ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತವೆ. ಲಾಗಿನ್ ಆಗಿ ಒಮ್ಮೆ, ಲಾಗಿನ್ ಆಗದೆ ಒಮ್ಮೆ ನೋಡಿ. ಡಿಸ್‌ಪ್ಲೇ ವಿಜೆಟ್ಸ್ ಕಲಿಸಿದ ಪಾಠ ಅದು.

ಹೇಳದಿರುವ ವಿಷಯ ಇನ್ನೊಂದಿದೆ. ಗಂಭೀರ ದೋಷ ಸಿಕ್ಕಿ ಲೇಖಕರು ಸರಿಪಡಿಸದಿದ್ದರೆ ಭಂಡಾರದವರು ಪ್ಲಗಿನ್ನನ್ನು ಮುಚ್ಚುತ್ತಾರೆ, ಪುಟದಲ್ಲಿ ಹಾಗೆಂದು ಬರೆಯುತ್ತಾರೆ. ಹೊಸಬರು ಅದನ್ನು ಇಳಿಸಿಕೊಳ್ಳಲಾಗದು. ಆದರೆ ಈಗಾಗಲೇ ಹಾಕಿಕೊಂಡವರ ಡ್ಯಾಶ್‌ಬೋರ್ಡಿನಲ್ಲಿ ವರ್ಡ್‌ಪ್ರೆಸ್ ತಾನಾಗಿ ಏನೂ ಹೇಳುವುದಿಲ್ಲ. ಅಪ್‌ಡೇಟ್ ಬರುವುದು ನಿಂತುಹೋಗುತ್ತದೆ, 'ಎಲ್ಲವೂ ಇತ್ತೀಚಿನದು' ಎಂಬ ಸ್ಥಿತಿಯಲ್ಲೇ ಅದು ಉಳಿಯುತ್ತದೆ. ಸತ್ತವನು ಸದ್ದಿಲ್ಲದೆ ಮಲಗಿದ್ದರೆ ನಿದ್ದೆಯೆಂದುಕೊಂಡ ಹಾಗೆ.

ಇನ್ನು ತಾನಾಗಿ ಅಪ್‌ಡೇಟ್ ಆಗಲು ಬಿಡಬೇಕೇ ಬೇಡವೇ. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಈ ಅನುಕೂಲ ಪ್ರತಿ ಪ್ಲಗಿನ್ನಿಗೂ ಇದೆ. ಬಿಟ್ಟರೆ ಸೋಷಿಯಲ್ ವಾರ್‌ಫೇರ್‌ನಂಥ ವಿಷವೂ ತಾನಾಗಿ ಬರುತ್ತದೆ, ಬಿಡದಿದ್ದರೆ ಮದ್ದು ತಡವಾಗುತ್ತದೆ. 2025ರ ಏಪ್ರಿಲ್‌ನಲ್ಲಿ 'ಒಟ್ಟೋಕಿಟ್' ಪ್ಲಗಿನ್ನಿನ ದೋಷ ಬಹಿರಂಗವಾದ ನಾಲ್ಕೇ ತಾಸಿನಲ್ಲಿ ಮೊದಲ ದಾಳಿ ದಾಖಲಾಯಿತು. ಸರಿಪಡಿಸಿದ ಆವೃತ್ತಿ ಒಂದು ವಾರ ಮೊದಲೇ ಬಂದಿತ್ತು. ವಿಷದ ಅಪ್‌ಡೇಟುಗಳು ಅಪರೂಪ, ಹಾಕದೆ ಬಿಟ್ಟ ಮದ್ದಿನಿಂದ ಕೆಟ್ಟ ತಾಣಗಳು ಲೆಕ್ಕವಿಲ್ಲ. ಹಾಗಾಗಿ ಸಾಧಾರಣ ತಾಣಗಳಿಗೆ ಬಿಡುವುದೇ ಸರಿ ಎಂಬುದು ನನ್ನ ತೀರ್ಮಾನ. ದಿನವೂ ಬ್ಯಾಕಪ್, ಅದೂ ಬೇರೆ ಸರ್ವರಿನಲ್ಲಿ, ಎಂಬ ಷರತ್ತಿನೊಂದಿಗೆ. ಹಣ ಓಡಾಡುವ ಅಂಗಡಿ ತಾಣಕ್ಕೆ ಪ್ರತ್ಯೇಕ ಜನ ಇರಬೇಕು, ಅವರು ಅದೇ ದಿನ ಸ್ಟೇಜಿಂಗ್‌ನಲ್ಲಿ ನೋಡಿ ಹಾಕಬೇಕು. ಅಂಥ ಜನ ಇಲ್ಲವೆಂದರೆ ಪ್ಲಗಿನ್ ಎಣಿಕೆಯನ್ನೇ ಇಳಿಸುವುದು ಒಳ್ಳೆಯದು.

ಕಾನೂನೂ ಈ ಕಡೆ ತಿರುಗುತ್ತಿದೆ. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯೆನ್ಸ್ ಕಾಯ್ದೆ 2024ರ ಡಿಸೆಂಬರ್ 10ರಂದು ಜಾರಿಗೆ ಬಂದಿದೆ. ಅದರ ಪ್ರಕಾರ ವ್ಯಾಪಾರಕ್ಕೆಂದು ತಂತ್ರಾಂಶ ಮಾರುವವರು, ದುರ್ಬಳಕೆಯಾಗುತ್ತಿರುವ ದೋಷಗಳನ್ನು 2026ರ ಸೆಪ್ಟೆಂಬರ್ 11ರಿಂದ ಅಧಿಕಾರಿಗಳಿಗೆ ವರದಿ ಮಾಡಲೇಬೇಕು. ಲಾಭಕ್ಕಲ್ಲದ ಮುಕ್ತ ತಂತ್ರಾಂಶಕ್ಕೆ ವಿನಾಯಿತಿ ಇದೆ, ಆದರೆ ಅಲ್ಲಿ ಪ್ರೋ ಆವೃತ್ತಿ ಮಾರುವ ಪ್ಲಗಿನ್ ಕಂಪನಿಗಳು 'ಸಣ್ಣಪುಟ್ಟ ಸುಧಾರಣೆ' ಎಂದು ಬರೆದು ಜಾರಿಕೊಳ್ಳುವುದು ಇನ್ನು ಕಷ್ಟ. ದೋಷ ಕಂಡವರು ಯಾರಿಗೆ ತಿಳಿಸಬೇಕು ಎಂಬ ವಿಳಾಸ ಪ್ಲಗಿನ್ ಕಂಪನಿಯ ತಾಣದಲ್ಲಿದೆಯೇ ಎಂದು ನಾನು ಈಗೀಗ ಮೊದಲೇ ಹುಡುಕುತ್ತೇನೆ. ಇಲ್ಲದಿದ್ದರೆ ಅವರು ಅಂಥ ಪತ್ರ ಬರುವ ದಿನವನ್ನೇ ಊಹಿಸಿಲ್ಲ.

ಒಟ್ಟೋಕಿಟ್ ವಿಷಯದಲ್ಲಿ ಒಂದು ವಿವರ ಬಾಕಿ ಇದೆ. ಆ ದೋಷ ಎಲ್ಲ ತಾಣಗಳನ್ನೂ ಕಾಡಲಿಲ್ಲ. ಪ್ಲಗಿನ್ ಆಕ್ಟಿವೇಟ್ ಮಾಡಿ, ಆಮೇಲೆ ಸೆಟಪ್ ಮುಗಿಸದೆ ಬಿಟ್ಟವರನ್ನು ಮಾತ್ರ ಕಾಡಿತು. ಗುಟ್ಟಿನ ಕೀ ಇರಬೇಕಾದ ಜಾಗ ಖಾಲಿ ಇತ್ತು. ದಾಳಿಕೋರ ಕೂಡ ಖಾಲಿ ಕೀ ಕಳಿಸಿದ. ಖಾಲಿಯೂ ಖಾಲಿಯೂ ತಾಳೆಯಾಗಿ ಬಾಗಿಲು ತೆರೆಯಿತು. 'ಒಂದು ಸಲ ನೋಡೋಣ' ಎಂದು ಹಾಕಿ ಮರೆತ ಪ್ಲಗಿನ್‌ಗಳು ಎಷ್ಟಿವೆ ಎಂದು ನಿಮ್ಮ ಪಟ್ಟಿ ತೆರೆದು ನೋಡಿ. ಡಿಆಕ್ಟಿವೇಟ್ ಮಾಡಿದ್ದೇನಲ್ಲ ಎನ್ನಬೇಡಿ. ಫೈಲ್ ಮ್ಯಾನೇಜರಿನ ಆ ಬಾಲ ಕತ್ತರಿಸಿದ ಕಡತಕ್ಕೆ ವರ್ಡ್‌ಪ್ರೆಸ್ಸಿನ ಹಂಗೇ ಇರಲಿಲ್ಲ. ಪ್ಲಗಿನ್ ಡಿಆಕ್ಟಿವೇಟ್ ಆಗಿದ್ದ ತಾಣಗಳಲ್ಲೂ ಅದು ಫೋಲ್ಡರಿನಲ್ಲಿ ಕೂತು, ನೇರ ವಿಳಾಸಕ್ಕೆ ಕರೆದವರಿಗೆಲ್ಲ ಓಗೊಡುತ್ತಲೇ ಇತ್ತು.